ಜರ್ಮನಿಗೆ ಮಿಕ್ಸಿ ಬೇಕಾ ಬೇಡ್ವಾ? ಮತ್ತೆ ಅಲ್ಲಿ ದಿನ ಹೆಂಗೆ ಕಳೆಯುತ್ತೆ?

ರಾಜಾಜಿನಗರ_ಹುಡುಗ:
ಎಲ್ರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೇಲಿ ಮಾಸ್ಟರ್ಸ್‌ಗೆ ಅಂತ ಜರ್ಮನಿಗೆ ಹೊರಟಿದೀನಿ. ಎಪಿಎಸ್ ಸರ್ಟಿಫಿಕೇಟು (ನಮ್ ಮಾರ್ಕ್ಸ್‌ಕಾರ್ಡ್, ಡಿಗ್ರಿ ಎಲ್ಲಾ ಅಸಲಿ ಅಂತ ನೋಡಿ ಕೊಡೋ ಕಾಗದ), ವೀಸಾ, ಖರ್ಚಿಗೆ ಅಂತ ಮೊದ್ಲೇ ಇಟ್ಟು ತಿಂಗ್ಳಿಗಿಷ್ಟು ಅಂತ ಮಾತ್ರ ತೆಗೆಯೋಕಾಗೋ ಬ್ಲಾಕ್ಡ್ ಅಕೌಂಟಿಗೆ 11,904 ಯೂರೋ ಕಟ್ಟೋದು ಎಲ್ಲಾ ಮುಗೀತು (ಆ ನಂಬರ್ ಕೇಳಿದ್ರೆ ಅಪ್ಪ ಈಗ್ಲೂ ಒಂದ್ಸಲ ಉದ್ದಕ್ಕೆ ಉಸಿರು ಬಿಡ್ತಾರೆ). ಕನ್ಸಲ್ಟೆನ್ಸಿಯವ್ರನ್ನ ಕೇಳಿದ್ರೂ ಯೂಟ್ಯೂಬ್ ನೋಡಿದ್ರೂ ಬರೀ ಫೀಸು, ವೀಸಾ, ಪಾರ್ಟ್‌ಟೈಮ್ ಕೆಲ್ಸ ಇಷ್ಟೇ. ಬೆಳಗ್ಗೆ ಎದ್ದಾಗಿಂದ ರಾತ್ರಿ ಮಲಗೋ ತನಕ ಅಲ್ಲಿ ಏನ್ ನಡಿಯುತ್ತೆ ಅಂತ ಯಾರೂ ಹೇಳಲ್ಲ. ನಮ್ಮನೇಲಿ ಸದ್ಯಕ್ಕೆ ಜಗಳ ಮಿಕ್ಸಿದು. ಅಮ್ಮ ಚಿಕ್ಕ ಮಿಕ್ಸಿ, ಕುಕ್ಕರ್, ಎರಡು ಕೆಜಿ ತುಪ್ಪ ಇಡ್ಲೇಬೇಕು ಅಂತ ಹಟ, ನಂಗಿರೋದು 23 ಕೆಜಿದು ಎರಡು ಬ್ಯಾಗು. ಹೋಗಿರೋರು ಯಾರಾದ್ರೂ ಇದ್ರೆ ಸ್ವಲ್ಪ ನಿಜ ಹೇಳಿ.

ಒಗ್ಗರಣೆ_ಡಬ್ಬಿ:
ನಾನು ನಾಗರಭಾವಿಯವಳು, ಈಗ ಡ್ರೆಸ್ಡೆನ್‌ನಲ್ಲಿ ಎರಡನೇ ವರ್ಷ. ಗುರು, ಮೊದ್ಲು ಆ ತುಪ್ಪ ಬ್ಯಾಗಿಂದ ಆಚೆ ತೆಗಿ. ಯುರೋಪಿಯನ್ ಯೂನಿಯನ್ ಒಳಗೆ ನಮ್ ಕಡೆಯಿಂದ ಹಾಲು, ತುಪ್ಪ, ಮಾಂಸ ತರೋ ಹಾಗಿಲ್ಲ, ಕಸ್ಟಮ್ಸಲ್ಲಿ ಸಿಕ್ಕಿದ್ರೆ ಕಿತ್ಕೋತಾರೆ. ಇಲ್ಲಿ ಸೂಪರ್‌ಮಾರ್ಕೆಟಲ್ಲಿ ಬುಟರ್‌ಶ್ಮಾಲ್ಟ್ಸ್ ಅಂತ ಸಿಗುತ್ತೆ, ಹೆಚ್ಚೂಕಮ್ಮಿ ತುಪ್ಪಾನೇ, ಘಮ ಮಾತ್ರ ಅಷ್ಟಕ್ಕಷ್ಟೆ. ಹುಣಸೆಹಣ್ಣು, ಬೇಳೆ, ಫ್ರೋಜನ್ ತೆಂಗಿನತುರಿ ಎಲ್ಲಾ ಏಷ್ಯನ್ ಅಂಗಡೀಲಿ ಇರುತ್ತೆ. ಸಿಗದೇ ಇರೋದು ನಿಮ್ಮನೆ ಸಾರಿನಪುಡಿ, ಅದನ್ನ ಎಷ್ಟಾಗುತ್ತೋ ಅಷ್ಟು ತುಂಬ್ಕೋ.

ಮಿಕ್ಸಿ ವಿಷ್ಯ. ಕರೆಂಟ್ ಇಲ್ಲೂ 230 ವೋಲ್ಟೇ, ಪ್ಲಗ್ ಕೂರಲ್ಲ ಅಂತ ಒಂದು ಅಡಾಪ್ಟರ್ ಬೇಕು ಅಷ್ಟೇ, ಹಾಗಾಗಿ ಓಡುತ್ತೆ. ತೊಂದ್ರೆ ಅದಲ್ಲ. ಬಂದ ಮೊದಲನೇ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ದೋಸೆ ಆಸೆಯಾಗಿ ನಾನು ಹಾಸ್ಟೆಲ್ ಕಿಚನ್ನಲ್ಲಿ ಚಟ್ನಿಗೆ ಹಾಕಿ ಗುರ್ ಅನ್ಸಿದೆ. ಪಕ್ಕದ ರೂಮಿನ ಹುಡುಗಿ ಬಂದು ಬಾಗಿಲಲ್ಲಿ ನಿಂತ್ಲು, ಕೂಗಾಟ ಇಲ್ಲ ಏನಿಲ್ಲ, "ಇವತ್ತು ಭಾನುವಾರ" ಅಂದ್ಲು. ನಾನೂ ಹೌದು ಭಾನುವಾರ ಅಂತ ತಲೆ ಆಡಿಸಿ ಚಟ್ನಿ ತಿಂತೀಯಾ ಅಂತ ಕೇಳ್ದೆ. ಆಮೇಲೆ ಗೊತ್ತಾಯ್ತು, ಇಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ಸದ್ದು ಮಾಡ್ಬಾರ್ದು, ಭಾನುವಾರ ಅಂತೂ ಇಡೀ ದಿನ. ಗಾಜಿನ ಬಾಟ್ಲಿ ಡಬ್ಬಕ್ಕೆ ಹಾಕಿದ್ರೂ ಠಣ್ ಅನ್ನುತ್ತೆ ಅಂತ ಅವತ್ತು ಹಾಕಲ್ಲ!

ಅಂಗಡಿಗಳೂ ಅವತ್ತು ಬಂದ್. ಶನಿವಾರ ಸಂಜೆ ಹಾಲು ಮರೆತೆ ಅಂದ್ರೆ ದೊಡ್ಡ ರೈಲ್ವೇ ಸ್ಟೇಷನ್ ಒಳಗಿರೋ ಅಂಗಡಿಗೇ ಓಡ್ಬೇಕು. ನಮ್ ರೋಡಲ್ಲಿ ಭಾನುವಾರ ಅಂದ್ರೆ ಸೊಪ್ಪಿನವ್ರ ಕೂಗು, ಎದುರುಮನೆ ಕುಕ್ಕರ್ ಸೀಟಿ, ಮೇಲ್ಗಡೆ ಮನೆ ಹುಡುಗನ ಮೃದಂಗ ಪ್ರಾಕ್ಟೀಸು, ಇದನ್ನೆಲ್ಲಾ ಬೈಕೊಂಡೇ ಬೆಳೆದೋಳು ನಾನು, ಇಲ್ಲಿ ಮೊದಲ ಎರಡು ತಿಂಗ್ಳು ಭಾನುವಾರ ಕಿವಿಗೆ ಹತ್ತಿ ತುರುಕಿದ ಹಾಗೆ ಇತ್ತು, ಡಿಸೆಂಬರಲ್ಲಿ ಸಾಯಂಕಾಲ ನಾಲ್ಕಕ್ಕೆಲ್ಲಾ ಕತ್ತಲೆ ಬೇರೆ. ಈಗ ನಂಗೇ ಭಾನುವಾರ ಯಾರಾದ್ರೂ ಸದ್ದು ಮಾಡಿದ್ರೆ ಸಿಟ್ಟು ಬರುತ್ತೆ, ಹೇಳ್ಕೊಳೋಕೆ ನಾಚಿಕೆ.

ಮೆಜೆಸ್ಟಿಕ್_ಟು_ಮ್ಯೂನಿಕ್:
ಓದು ಮುಗಿಸಿ ವಾಪಸ್ ಬಂದು ಈಗ ವೈಟ್‌ಫೀಲ್ಡ್ ಟ್ರಾಫಿಕ್ಕಲ್ಲಿ ಕೂತಿರೋನು ನಾನು. ಕುಕ್ಕರ್ ತಗೊಂಡ್ ಹೋಗು, ಮಿಕ್ಸಿ ಬಿಡು.

ಕ್ಲಾಸ್ ಬಗ್ಗೆ ಯಾರೂ ಬರ್ದಿಲ್ಲ. ಟೈಮ್‌ಟೇಬಲಲ್ಲಿ 10 ಗಂಟೆ ಅಂತಿದ್ದು ಪಕ್ಕದಲ್ಲಿ ಸಿ.ಟಿ. ಅಂತ ಇದ್ರೆ ಶುರು ಆಗೋದು ಹತ್ತೂಕಾಲಿಗೆ, ನಾನು ಮೊದಲ ದಿನ ಖಾಲಿ ಹಾಲಲ್ಲಿ ಒಬ್ನೇ ಕೂತು ಬಿಲ್ಡಿಂಗೇ ತಪ್ಪಾಯ್ತೇನೋ ಅಂತ ಬೆವರಿದೆ. ಲೆಕ್ಚರ್ ಮುಗಿದ ಮೇಲೆ ಎಲ್ರೂ ಡೆಸ್ಕ್ ಮೇಲೆ ಗೆಣ್ಣಲ್ಲಿ ಟಕಟಕ ಕುಟ್ತಾರೆ, ಗಲಾಟೆ ಅಲ್ಲ ಅದು, ನಮ್ ಚಪ್ಪಾಳೆ ಇದ್ದ ಹಾಗೆ. ಮಾರ್ಕ್ಸಲ್ಲಿ 1.0 ಎಲ್ಲಕ್ಕಿಂತ ಮೇಲು, 4.0 ಜಸ್ಟ್ ಪಾಸು. ನಂಗೆ 3.7 ಬಂದಾಗ ನಮ್ಮಪ್ಪ ನಾಲ್ಕಕ್ಕೆ ಮೂರೂಮುಕ್ಕಾಲು ಅಂದ್ಕೊಂಡು ಬೀದಿಗೆಲ್ಲಾ ಹೇಳ್ಕೊಂಡ್ ಬಂದ್ರು, ನಾನು ತಿದ್ದೋಕೆ ಹೋಗ್ಲಿಲ್ಲ.

ಇದೊಂದು ಸೀರಿಯಸ್ಸಾಗಿ ತಗೋ: ಅಡ್ಮಿಷನ್ ಆಯ್ತು ಅಂದ್ರೆ ಎಕ್ಸಾಮಿಗೂ ಹೆಸರಿದೆ ಅಂತಲ್ಲ, ಪ್ರತಿ ಎಕ್ಸಾಮಿಗೂ ಆನ್‌ಲೈನಲ್ಲಿ ನೀನೇ ರಿಜಿಸ್ಟರ್ ಆಗ್ಬೇಕು. ನಾನು ಒಂದಕ್ಕೆ ಡೇಟ್ ಮಿಸ್ ಮಾಡಿ ಇಡೀ ಸೆಮಿಸ್ಟರ್ ಓದಿದ್ದು ನೀರಲ್ಲಿ ಹೋಮ ಆಯ್ತು. ನಮ್ ಕಾಲೇಜಿನ ತರ ಆಫೀಸಲ್ಲಿ ಕೈಕಟ್ಕೊಂಡು "ಸಾರ್ ಪ್ಲೀಸ್" ಅಂದ್ರೆ ನಡಿಯಲ್ಲ. ಹಾಗೇ ಮನೆ ಸೇರಿದ 14 ದಿನದೊಳಗೆ ಅನ್‌ಮೆಲ್ಡುಂಗ್, ಅಂದ್ರೆ ವಿಳಾಸ ನೋಂದಾಯಿಸೋದು, ಅದಕ್ಕೆ ಓನರ್ ಸಹಿ ಮಾಡಿದ ಕಾಗದ ಬೇಕು, ರೂಮ್ ಒಪ್ಕೊಳೋಕ್ ಮುಂಚೆನೇ ಕೊಡ್ತೀರಾ ಅಂತ ಕೇಳ್ಕೋ.

ಬ್ಲಾಕ್ಡ್ ಅಕೌಂಟಿಂದ ತಿಂಗ್ಳಿಗೆ ಕೈಗೆ ಬರೋದು 992 ಯೂರೋ. ಹಂಗಾಗಿ ಪ್ಲಾಸ್ಟಿಕ್ ಬಾಟ್ಲಿ ಬಿಸಾಕ್ಬೇಡ, ಅಂಗಡಿ ಮೆಷಿನ್ನಿಗೆ ವಾಪಸ್ ಹಾಕಿದ್ರೆ ಒಂದಕ್ಕೆ 25 ಸೆಂಟ್. ತಿಂಗಳ ಕೊನೇಲಿ ನಾವು ನಾಲ್ಕು ಜನ ಒಂದು ಗೋಣಿಚೀಲ ಬಾಟ್ಲಿ ಹೊತ್ಕೊಂಡು ಹೋಗಿ ಅದೇ ದುಡ್ಡಲ್ಲಿ ಅಕ್ಕಿ ತಂದಿದ್ದೂ ಇದೆ.

ಮಲ್ಲೇಶ್ವರದ_ಅಮ್ಮ:
ನನ್ ಮಗಳೂ ಅಲ್ಲೇ ಓದ್ತಿದಾಳೆ, ಅದಕ್ಕೆ ಬರೀತಿದೀನಿ. ಪುಟ್ಟಾ, ಅಮ್ಮನಿಗೆ ಟೈಮ್ ಸರಿಯಾಗಿ ಹೇಳ್ಕೊಟ್ಟು ಹೋಗು. ಬೇಸಿಗೇಲಿ ಮೂರೂವರೆ ಗಂಟೆ ವ್ಯತ್ಯಾಸ, ಅಕ್ಟೋಬರ್ ಕೊನೇ ಭಾನುವಾರ ಅವ್ರು ಗಡಿಯಾರ ಹಿಂದಕ್ಕೆ ತಿರುಗಿಸ್ತಾರೆ, ಆಮೇಲೆ ನಾಲ್ಕೂವರೆ. ನಂಗೇನ್ ಗೊತ್ತು, ಬೆಳಗ್ಗೆ ಏಳಕ್ಕೆ ಕಾಫಿ ಕುಡೀತಾ ಫೋನ್ ಮಾಡ್ದೆ, ಅಲ್ಲಿ ರಾತ್ರಿ ಎರಡೂವರೆ. ಏನಾಯ್ತಮ್ಮಾ ಅಂತ ಗಾಬರಿಯಾಗಿ ಎತ್ತಿದ್ಲು, ನಾನು ತಿಂಡಿ ಆಯ್ತಾ ಅಂದೆ.

ಇನ್ನೊಂದು, ಎಲ್ಲಾ ಚೆನ್ನಾಗಿದೆ ಅಂತ ದಿನಾ ಹೇಳ್ಬೇಡ. ಅವಳು ಹಂಗೇ ಹೇಳ್ತಿದ್ಲು, ಜ್ವರ ಬಂದು ನಾಲ್ಕು ದಿನ ಮಲಗಿದ್ದು ನಂಗೆ ಗೊತ್ತಾಗಿದ್ದು ಆರು ತಿಂಗ್ಳು ಬಿಟ್ಟು, ಅದೂ ಅವಳ ಫ್ರೆಂಡ್ ಬಾಯಿಂದ. ಗಂಜಿ ಮಾಡಿಕೊಟ್ಟಿದ್ದು ಪಕ್ಕದ ರೂಮಿನ ವಿಯೆಟ್ನಾಮ್ ಹುಡುಗಿ ಅಂತೆ. ನಂಗೆ ಆ ಹುಡುಗಿ ಹೆಸರು ಉಚ್ಚಾರ ಮಾಡೋಕೂ ಬರಲ್ಲ, ದೀಪ ಹಚ್ಚುವಾಗ ನೆನೆಸ್ಕೋತೀನಿ.

ರಾಜಾಜಿನಗರ_ಹುಡುಗ:
ಎಲ್ರಿಗೂ ಥ್ಯಾಂಕ್ಸ್, ಆಂಟಿ ನಿಮ್ದು ಅಮ್ಮನಿಗೇ ಓದಿ ಹೇಳ್ದೆ, ಗಡಿಯಾರದ ವಿಷ್ಯ ಕ್ಯಾಲೆಂಡರಲ್ಲಿ ಬರ್ಕೊಂಡಿದಾರೆ. ತುಪ್ಪ ಆಚೆ ಬಂತು, ಮಿಕ್ಸಿನೂ ಆಚೆ ಬಂತು. ಆ ಜಾಗಕ್ಕೆ ಸದ್ದು ಮಾಡಲ್ಲ, ಕರೆಂಟೂ ಬೇಡ ಅಂತ ಅಜ್ಜಿ ಕಾಲದ ಕಲ್ಲಿನ ಕುಟ್ಟಾಣಿ ಇಟ್ಟಿದಾರೆ. ತೂಕ ಹಾಕಿ ನೋಡ್ದೆ, ಮೂರೂಮುಕ್ಕಾಲು ಕೆಜಿ.