ಕಾಂಟ್ರಾಕ್ಟ್ ಮುಗಿದ ಮೇಲೂ ಹಳೇ ಕ್ಲಬ್‌ಗೆ ದುಡ್ಡು ಯಾಕೆ?

ಮಂಡ್ಯ ಕೋಚ್:
ಸಂಜೆ ಹೊತ್ತು ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಯುರೋಪಿನ ನ್ಯಾಯಾಲಯದಿಂದ 1995ರಲ್ಲಿ ಬೋಸ್ಮನ್ ಎಂಬ ಆಟಗಾರನ ಕೇಸಿನ ತೀರ್ಪು ಬಂದಮೇಲೆ ಕಾಂಟ್ರಾಕ್ಟ್ ಮುಗಿದ ಆಟಗಾರ ಫ್ರೀ ಅಂತಾರೆ. ಹಾಗಿದ್ದರೆ 2015ರಲ್ಲಿ ಡ್ಯಾನಿ ಇಂಗ್ಸ್ ಕಾಂಟ್ರಾಕ್ಟ್ ಮುಗಿಸಿಕೊಂಡು ಲಿವರ್‌ಪೂಲ್‌ಗೆ ಹೋದಾಗ ಅವನ ಹಳೇ ಕ್ಲಬ್ ಬರ್ನ್ಲಿಗೆ 65 ಲಕ್ಷ ಪೌಂಡ್ ಯಾಕೆ ಕೊಡಬೇಕಾಯಿತು? ನಮ್ಮ ಹತ್ತಿರ ಕಲಿತ ಹುಡುಗ ನಾಳೆ ದೊಡ್ಡ ಕ್ಲಬ್ ಸೇರಿದರೆ ನಮಗೂ ಏನಾದರೂ ಬರುತ್ತಾ?

ಕುವೆಂಪುನಗರದವ:
ವಯಸ್ಸಿನ ವಿಷಯ ಅದು. ಇಂಗ್ಲೆಂಡ್‌ನಲ್ಲಿ 24 ತುಂಬದ ಆಟಗಾರನಿಗೆ ಹಳೇ ಕ್ಲಬ್ ಮೊದಲಿಗಿಂತ ಕಡಿಮೆ ಇಲ್ಲದ ಹೊಸ ಕಾಂಟ್ರಾಕ್ಟ್ ಮುಂದಿಟ್ಟು, ಅವನು ಬೇಡ ಅಂದು ಅಲ್ಲಿನದೇ ಬೇರೆ ಕ್ಲಬ್‌ಗೆ ಹೋದರೆ, ಹಳೇ ಕ್ಲಬ್ ಪರಿಹಾರ ಕೇಳಬಹುದು. ಇಂಗ್ಸ್‌ಗೆ ಆಗ 22. ಎರಡು ಕ್ಲಬ್‌ಗೂ ರೇಟು ಹೊಂದಲಿಲ್ಲ, ಇಂಥ ಜಗಳ ಬಗೆಹರಿಸುವ ಟ್ರಿಬ್ಯೂನಲ್ ತೀರ್ಮಾನ ಮಾಡಿತು.

ಸರಸ್ವತಿಪುರಂ ಓದುಗ:
ದೇಶ ದಾಟಿದರೆ ಫಿಫಾ ನಿಯಮ. ಹುಡುಗ ಮೊದಲ ವೃತ್ತಿಪರ ಕಾಂಟ್ರಾಕ್ಟ್‌ಗೆ ಸಹಿ ಹಾಕಿದಾಗ, 12ರಿಂದ 21 ವರ್ಷದವರೆಗೆ ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ತರಬೇತಿ ಪರಿಹಾರ ಸಲ್ಲಬೇಕು. ಅವನಿಗೆ 23 ತುಂಬುವ ವರ್ಷದ ಕೊನೆತನಕ ಇದು ಅನ್ವಯ. ಕಾಂಟ್ರಾಕ್ಟ್ ನಡೆಯುತ್ತಿರುವಾಗಲೇ ಮಾರಾಟವಾದರೆ ಆ ಮೊತ್ತದಲ್ಲಿ ಶೇ. 5 ತನಕ ಬೆಳೆಸಿದ ಕ್ಲಬ್‌ಗಳ ಪಾಲು, ಫ್ರೀಯಾಗಿ ಹೋದರೆ ಆ ಪಾಲು ಇಲ್ಲ. ಮಹಿಳಾ ಫುಟ್‌ಬಾಲ್‌ಗೆ ತರಬೇತಿ ಪರಿಹಾರವೇ ಇಲ್ಲ. ನನಗೆ ಇದು ಸರಿ ಕಾಣುವುದಿಲ್ಲ, ಹುಡುಗಿಯರಿಗೆ ಕಲಿಸುವವರ ಬೆವರೂ ಬೆವರೇ ಅಲ್ವಾ?

ಒಬ್ಬ ಅಪ್ಪ, ಮೈಸೂರು:
ನನ್ನ ಮಗನೂ ಆಡುತ್ತಾನೆ, ಅದಕ್ಕೇ ಕೇಳುತ್ತೇನೆ. ಪರಿಹಾರ ಜಾಸ್ತಿ ಆದರೆ ಹೊಸ ಕ್ಲಬ್ ಹುಡುಗನನ್ನೇ ಬೇಡ ಅನ್ನುವುದಿಲ್ಲವೇ? ಮುಗಿದ ಕಾಂಟ್ರಾಕ್ಟ್ ಮತ್ತೆ ಕಾಲಿಗೆ ಸುತ್ತಿಕೊಂಡ ಹಾಗೆ.

ಕುವೆಂಪುನಗರದವ:
ಆ ಭಯ ನಿಜ. ಒಲಿವಿಯರ್ ಬರ್ನಾರ್ಡ್ ಕೇಸ್ ಇದೇ. ಫ್ರಾನ್ಸ್‌ನ ಲಿಯಾನ್ ಕ್ಲಬ್‌ನಲ್ಲಿ ಕಲಿತು, ಅವರ ಕಾಂಟ್ರಾಕ್ಟ್ ಒಪ್ಪದೆ 2000ದಲ್ಲಿ ಇಂಗ್ಲೆಂಡ್‌ನ ನ್ಯೂಕ್ಯಾಸಲ್‌ಗೆ ಹೋದ, ಲಿಯಾನ್ ಕೋರ್ಟಿಗೆ ಹೋಯಿತು. 2010ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿದ್ದು ಇಷ್ಟು: ತರಬೇತಿಗೆ ಪರಿಹಾರ ಕೇಳುವುದು ತಪ್ಪಲ್ಲ, ಆದರೆ ಅದು ನಿಜವಾದ ಖರ್ಚಿಗೆ ಹೊಂದಬೇಕು, ಮನಸ್ಸಿಗೆ ಬಂದಷ್ಟು ನಷ್ಟ ಕೇಳುವ ಹಾಗಿಲ್ಲ. ಕಲಿತೂ ಮೇಲೆ ಬರದ ಹುಡುಗರ ಖರ್ಚನ್ನೂ ಅದರಲ್ಲಿ ಲೆಕ್ಕ ಹಿಡಿಯಬಹುದು. ಈ ಕೊನೆಯ ಮಾತು ನನಗೆ ಬಹಳ ಹಿಡಿಸಿತು, ಏಕೆಂದರೆ ಒಂದು ಬ್ಯಾಚಿನಲ್ಲಿ ಎಲ್ಲರಿಗೂ ಚೆಂಡು, ಬೂಟು, ಮೈದಾನ ಬೇಕು, ವೃತ್ತಿಪರ ಆಗುವವನು ಒಬ್ಬನಿದ್ದರೂ ಹೆಚ್ಚು.

ಸರಸ್ವತಿಪುರಂ ಓದುಗ:
ಕೋಚ್ ಸರ್, ಮಂಡ್ಯದಿಂದ ಬೆಂಗಳೂರಿಗೆ ಹೋದರೆ ಫಿಫಾ ಲೆಕ್ಕ ನಡೆಯುವುದಿಲ್ಲ, ದೇಶದೊಳಗಿನದು ಆಯಾ ದೇಶದ ಫೆಡರೇಷನ್ ನಿಯಮ. ವಿದೇಶಕ್ಕೆ ಹೋದರೆ ಹುಡುಗನ ನೋಂದಣಿ ಇತಿಹಾಸವನ್ನು ಆಟಗಾರನ ಪಾಸ್‌ಪೋರ್ಟ್ ಅಂತ ತೆಗೆಯುತ್ತಾರೆ. ಅದರಲ್ಲಿ ನಿಮ್ಮ ಕ್ಲಬ್ ಹೆಸರು ಇಲ್ಲದಿದ್ದರೆ ಕೇಳುವುದು ಬಹಳ ಕಷ್ಟ. ಸುಮ್ನೆ ಸಂಜೆ ಬಂದು ಆಡಿ ಹೋಗುವ ಹುಡುಗರನ್ನೂ ಫೆಡರೇಷನ್‌ನಲ್ಲಿ ನೋಂದಾಯಿಸಿದ್ದೀರಾ?

ಮಂಡ್ಯ ಕೋಚ್:
ಇಲ್ಲ, ದೊಡ್ಡ ಹುಡುಗರದ್ದು ಮಾತ್ರ ಆಗಿದೆ. 12 ದಾಟಿದವರ ಪೇಪರ್ ಎಲ್ಲ ಈ ವಾರವೇ ಅವರ ಮನೆಯವರಿಂದ ತರಿಸುತ್ತೇನೆ.