ಈಜುಕೊಳದ ಟೈಲ್ಸ್ ಕೆಲಸದಲ್ಲಿ ‘ಸೆಟ್ಟಿಂಗ್ ಔಟ್’ಗೆ ಯಾವ ಪದ?

ಪ್ರಶ್ನೆ:
ಈಜುಕೊಳಕ್ಕೆ ಟೈಲ್ಸ್ ಹಾಕುವ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಅದರಲ್ಲಿ ‘ಸೆಟ್ಟಿಂಗ್ ಔಟ್’ ಎಂದೇ ಒಂದು ಅಧ್ಯಾಯವಿದೆ. ಕರಡಿನಲ್ಲಿ ಒಂದು ಕಡೆ ‘ವಿನ್ಯಾಸ’, ಇನ್ನೊಂದು ಕಡೆ ‘ಜೋಡಣೆ’ ಎಂದಾಗಿದೆ. ಎರಡೂ ಕೂರುತ್ತಿಲ್ಲ. ‘ಜಾಯಿಂಟ್’ಗೆ ಕೀಲು ಸರಿಯೋ, ಸಂದು ಸರಿಯೋ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ:
‘ವಿನ್ಯಾಸ’ ಬೇಡವೇ ಬೇಡ; ಅದು ಕಾಗದದ ಮೇಲೆ ಮುಗಿಯುವ ಕೆಲಸ. ‘ಜೋಡಣೆ’ ಅಂಟು ಕಲಸಿದ ಮೇಲಿನ ಮಾತು. ನೀವು ಕೇಳಿರುವುದು ಇವೆರಡರ ನಡುವಿನದು. ನಕ್ಷೆಯ ಅಳತೆಯನ್ನು ಗೋಡೆಗೂ ನೆಲಕ್ಕೂ ಇಳಿಸಿ, ಯಾವ ಸಾಲು ಎಲ್ಲಿ ಬೀಳುತ್ತದೆ, ತುಂಡು ಎಲ್ಲಿ ಬರುತ್ತದೆ ಎಂದು ಒಂದು ಟೈಲನ್ನೂ ಅಂಟಿಸುವ ಮೊದಲೇ ಗೆರೆ ಹಾಕಿಕೊಳ್ಳುವುದು. ಸೈಟಿನಲ್ಲಿ ‘ಮಾರ್ಕಿಂಗ್ ಹಾಕೋದು’, ‘ದಾರ ಹಿಡಿಯೋದು’ ಅಂತಾರೆ. ಬರಹಕ್ಕೆ ‘ಗುರುತು ಹಾಕುವುದು’ ಸಾಕು. ಮನೆಯ ಪಾಯಕ್ಕೂ ಇದೇ ಮಾತು ನಡೆಯುತ್ತದೆ.

ಇಲ್ಲಿ ಪದ ತಪ್ಪಿದರೆ ಕೆಲಸವೂ ತಪ್ಪುತ್ತದೆ. ‘ಜೋಡಣೆ’ ಎಂದು ಓದಿದವರು ಮೂಲೆಯಿಂದ ಶುರು ಮಾಡುತ್ತಾರೆ. ಆದರೆ ಸ್ಪರ್ಧೆಯ ಕೊಳದಲ್ಲಿ ಶುರುವಾಗಬೇಕಾದ್ದು ಲೇನಿನ, ಅಂದರೆ ಒಬ್ಬೊಬ್ಬ ಈಜುಗಾರನ ಪಾಲಿನ ಓಣಿಯ, ನಡುಗೆರೆಯಿಂದ. 25 ಮೀಟರ್ ಕೊಳ, 244×119 ಮಿ.ಮೀ. ಟೈಲ್, 6 ಮಿ.ಮೀ. ಸಂದು ಎಂದಿಟ್ಟುಕೊಳ್ಳಿ. ಸಂದು ಸೇರಿ ಒಂದು ಟೈಲಿನ ಪಾಲು 250×125. ಟೈಲಿನ ಉದ್ದವನ್ನು ಕೊಳದ ಉದ್ದಕ್ಕೇ ಇಟ್ಟರೆ 100 ಟೈಲ್, 101 ಸಂದು: 24,400 + 606 = 25,006 ಮಿ.ಮೀ. 2.5 ಮೀಟರ್ ಲೇನಿಗೆ 20 ಸಾಲು. ನಡುಗೆರೆ ಸಂದಿನ ಮೇಲೇ ಬೀಳುತ್ತದೆ. ಅದರ ಆಚೆಗೊಂದು ಈಚೆಗೊಂದು ಕಪ್ಪು ಸಾಲು ಹಾಕಿದರೆ ಈಜುಗಾರನಿಗೆ ದಾರಿ ತೋರುವ ನೆಲದ ಪಟ್ಟೆ 25 ಸೆಂ.ಮೀ. ಆಗುತ್ತದೆ, ಸ್ಪರ್ಧೆಯ ನಿಯಮ ಕೇಳುವುದು 20ರಿಂದ 30. ಪಟ್ಟೆ ಗೋಡೆಗೆ 2 ಮೀಟರ್ ಇರುವಾಗ ನಿಲ್ಲಬೇಕು, ಅಂದರೆ 8 ಟೈಲ್. ಪಟ್ಟೆಯ ತುದಿಗೆ ಅಡ್ಡಲಾಗಿ ಬರುವ 1 ಮೀಟರ್ ಅಡ್ಡಪಟ್ಟೆಗೆ 8 ಸಾಲು. ಎಲ್ಲೂ ಕತ್ತರಿಸಬೇಕಿಲ್ಲ.

ಅದೇ ಟೈಲನ್ನು ಅಡ್ಡ ತಿರುಗಿಸಿ ನೋಡಿ. ಲೇನಿಗೆ 10 ಬರುತ್ತದೆ, ನಡುಗೆರೆ ಆಗಲೂ ಸಂದಿನ ಮೇಲೆಯೇ, ಪಟ್ಟೆಗೆ ಮಾತ್ರ ಒಂದೇ ಟೈಲಿನ ಅಗಲ. ಉದ್ದಕ್ಕೂ ಅರ್ಧರ್ಧ ಕತ್ತರಿಸಬೇಕು. ಗುರುತನ್ನು ಅರ್ಧ ಟೈಲ್ ಸರಿಸಿದರೆ ಪಟ್ಟೆ ಕೂರುತ್ತದೆ, ಅಡ್ಡಪಟ್ಟೆಯ ಎರಡೂ ತುದಿ ತುಂಡಾಗುತ್ತದೆ.

ಈ 25,006 ಅಳೆಯುವುದು ಕಾಂಕ್ರೀಟಿನಿಂದ ಕಾಂಕ್ರೀಟಿಗಲ್ಲ, ಟೈಲಿನ ಮುಖದಿಂದ ಮುಖಕ್ಕೆ. ಅನುವಾದದಲ್ಲಿ ‘ಒಳ ಅಳತೆ’ ಎಂದು ಬಿಟ್ಟರೆ ಗಾರೆ, ಅಂಟು, ಟೈಲಿನ ದಪ್ಪವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೊಳ ಗಿಡ್ಡವಾಗುತ್ತದೆ. ಗಿಡ್ಡವಾದ ಕೊಳದಲ್ಲಿ ಸ್ಪರ್ಧೆ ನಡೆಸುವಂತಿಲ್ಲ. ಸಮಯ ಹಿಡಿಯುವ ಟಚ್ ಪ್ಯಾಡ್ ಒಂದೊಂದೂ 1 ಸೆಂ.ಮೀ. ದಪ್ಪ, ಎರಡು ತುದಿಗೂ ಹಾಕಿದರೆ ಮೇಲಿನ ಲೆಕ್ಕದಲ್ಲೂ 14 ಮಿ.ಮೀ. ಕಮ್ಮಿ ಬೀಳುತ್ತದೆ. ಆಗ ಪ್ರತಿ ಸಂದನ್ನು 0.15 ಮಿ.ಮೀ. ಹಿಗ್ಗಿಸಬೇಕು. ಕಣ್ಣಿಗೆ ಕಾಣದು, ಒಟ್ಟು 15 ಮಿ.ಮೀ. ಸಿಗುತ್ತದೆ. ಸಂದು ಸಂದಿಗೆ ಅಳೆಯಲಾಗದು. ಹತ್ತು ಟೈಲಿಗೊಂದು ದಾರ ಹೊಡೆದು, ದಾರದಿಂದ ದಾರಕ್ಕೆ 2,501.5 ಮಿ.ಮೀ. ಇಡುತ್ತಾರೆ.

‘ಜಾಯಿಂಟ್’ಗೆ ‘ಸಂದು’ ಸರಿ. ಕೀಲು ಬಾಗಿಲಿಗೆ, ಮೂಳೆಗೆ. ಕಾಂಕ್ರೀಟಿನಲ್ಲೇ ಬಿಟ್ಟಿರುವ ಅಂತರಕ್ಕೆ ‘ಹಿಗ್ಗು ಸಂದು’ ಎನ್ನಿ. ಅದರ ನೇರಕ್ಕೇ ಟೈಲಿನ ಸಂದೂ ಬರುವಂತೆ ಗುರುತು ಹಾಕಿ, ಗ್ರೌಟ್ (ಸಂದಿಗೆ ತುಂಬುವ ಗಟ್ಟಿ ಗಾರೆ) ಬದಲು ಮೆತ್ತನೆಯ ಸೀಲೆಂಟ್ ತುಂಬಬೇಕು. ಅದರ ಮೇಲೆ ಹಾದುಹೋದ ಟೈಲ್ ಬಿರಿಯುತ್ತದೆ.

ಮತ್ತೊಂದು ಉತ್ತರ:
‘ದಾರ ಹಿಡಿಯುವುದು’ ಹಳೆಯ ಮಾತಿನದೇ ಮುಂದುವರಿಕೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ 8ನೇ ಶತಮಾನದ ಶಾಸನ ಶಿಲ್ಪಿಯನ್ನು ‘ತೆಂಕಣ ದಿಶೆಯ ಸೂತ್ರಧಾರಿ’ ಎನ್ನುತ್ತದೆ. ಸೂತ್ರ ಎಂದರೆ ಅಳತೆಯ ದಾರ. ಆದರೂ ಕೈಪಿಡಿಗೆ ‘ಸೂತ್ರ’ ಒಗ್ಗದು, ಇಂದಿನವರು ಗಣಿತದ ಸೂತ್ರ ಅಂದುಕೊಳ್ಳುತ್ತಾರೆ.

ಉಪಕರಣಗಳಿಗೆ ಗಾರೆಯವರ ಪದಗಳನ್ನೇ ಉಳಿಸಿಕೊಳ್ಳಿ: ರಸಮಟ್ಟ (ಸ್ಪಿರಿಟ್ ಲೆವೆಲ್), ಮೂಲೆಮಟ್ಟ (ಲಂಬಕೋನ ನೋಡುವುದು), ತೂಗುಗುಂಡು (ನೆಟ್ಟಗಿದೆಯೇ ನೋಡುವುದು). ‘ಲೆವೆಲ್’ಗೆ ‘ಸಮತಲ’ ಎನ್ನಬೇಡಿ, ‘ಮಟ್ಟ’ ಎನ್ನಿ. ಸಮತಲವಾದ ನೆಲ ಇಳಿಜಾರಾಗಿಯೂ ಇರಬಹುದು, ಮಟ್ಟವಾದದ್ದು ಇರಲಾರದು. ನೀರು ಅಂಚು ಮೀರಿ ಹರಿಯುವ ಕೊಳದಲ್ಲಿ ಅಂಚಿನ ಮಟ್ಟ ನಾಲ್ಕೈದು ಮಿ.ಮೀ. ತಪ್ಪಿದರೂ ನೀರು ಒಂದೇ ಬದಿಗೆ ಚೆಲ್ಲುತ್ತದೆ, ಇನ್ನೊಂದು ಬದಿಯಲ್ಲಿ ಕೊಳೆ ನಿಲ್ಲುತ್ತದೆ. ಅದಕ್ಕೇ ಗೋಡೆಯ ಗುರುತು ಮೇಲಂಚಿನಿಂದ ಕೆಳಕ್ಕೆ ಬರುತ್ತದೆ. ತುಂಡು ಬರುವುದಿದ್ದರೆ ನೆಲದ ಹತ್ತಿರ.