ಅಪ್‌ಡೇಟ್: ಲಾಡಿಯಿಂದ ಕೋಡ್ ಬದಲಾಯಿತು!

ನಾವು ಆಮದು ಮಾಡುವ, ಹೆಂಗಸರು ತೊಡುವ ಹೆಣಿಗೆ ಬ್ಲೌಸ್‌ಗೆ ಕಸ್ಟಮ್ಸ್ ಸುಂಕಪಟ್ಟಿಯ ಕೋಡ್ 6106 ಸರಿಯಾ ಎಂದು ಕೇಳಿದ್ದೆ ಅಲ್ವಾ? ಒಂದು ಮಾದರಿಗೆ ಸರಿಯಲ್ಲವಂತೆ. ಕಸ್ಟಮ್ಸ್ ಬ್ರೋಕರ್ ಸ್ಯಾಂಪಲ್ ನೋಡಿದವರೇ ಕೆಳ ಅಂಚಿನ ಲಾಡಿಗೆ ಬೆರಳಿಟ್ಟರು. ಸುಂಕಪಟ್ಟಿಯಲ್ಲಿ ಹೆಣಿಗೆ ಉಡುಪುಗಳ ಅಧ್ಯಾಯವಾದ 61ರ 4ನೇ ಟಿಪ್ಪಣಿ ಪ್ರಕಾರ, ಕೆಳ ಅಂಚನ್ನು ಬಿಗಿ ಮಾಡುವ ವ್ಯವಸ್ಥೆ ಅಥವಾ ಸೊಂಟದಿಂದ ಕೆಳಗೆ ಜೇಬು ಇದ್ದರೆ ಅದು 6106ಕ್ಕೆ ಸೇರುವುದಿಲ್ಲ. ಸೆಂಟಿಮೀಟರಿಗೆ ಸರಾಸರಿ 10ಕ್ಕಿಂತ ಕಡಿಮೆ ಹೆಣಿಗೆ ಕುಣಿಕೆಗಳು ಇದ್ದರೂ ಅಷ್ಟೇ. (ಭೂತಗನ್ನಡಿ ಹಿಡಿದು ಎಣಿಸಿದೆವು, ಕಣ್ಣು ನೋವು!)

ಕೊನೆಗೆ ಲಾಡಿಯಿದ್ದ ಮಾದರಿಯನ್ನು 6110ರಲ್ಲಿ (ಸ್ವೆಟರ್, ಪುಲ್‌ಓವರ್ ಥರದ ಹೆಣಿಗೆ ಉಡುಪುಗಳ ಕೋಡ್) ತೋರಿಸಿದೆವು. ಲಾಡಿ ಇಲ್ಲದ ಮಾದರಿ 6106ರಲ್ಲೇ ಉಳಿಯಿತು. ನಾನು ಸುಮ್ನೆ ಹತ್ತಿಯೋ ಪಾಲಿಯೆಸ್ಟರೋ ಎಂದು ತಲೆ ಕೆಡಿಸಿಕೊಂಡಿದ್ದೆ. ಅದೂ ಬೇಕು, ಆದರೆ ಕೋಡಿನಲ್ಲಿ ಈ ನಾಲ್ಕು ಅಂಕಿಗಳ ನಂತರ ಬರುವ ಅಂಕಿಗಳಿಗೆ. ತೂಕದಲ್ಲಿ ಯಾವ ನಾರು ಜಾಸ್ತಿಯೋ ಅದೇ ಲೆಕ್ಕ.